ಗುಡದೂರಿನ ನೀಲಿ ಗೆರೆ

ಮಕ್ಕಳೇ, ಅನ್ನದ ಮುಂದೆ ಕೂತು ಆಣೆ ಮಾಡಿ ಹೇಳುತ್ತೇನೆ, ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ನನ್ನಷ್ಟು ಸತ್ಯವಂತ ಈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಅವನಿಗೂ ಸತ್ಯ ಹೇಳುವುದನ್ನು ಕಲಿಸಿ ಕಳಿಸುತ್ತೇನೆ.

ಒಂದು ಬಸ್ ಡಿಪೋದಲ್ಲಿ ಫಕೀರೇಶ ಎಂಬ ಗುಮಾಸ್ತನಿದ್ದ. ಯಾವ ಊರಿನ ಬಸ್ಸಿಗೆ ಎಷ್ಟು ಜನ ಹತ್ತಿದರು ಎಂಬುದನ್ನು ಕಂಪ್ಯೂಟರಿಗೆ ತುಂಬಿ ಚಾರ್ಟು ಮಾಡುವುದು ಅವನ ಕೆಲಸ. ಅವನು ಚಾರ್ಟು ಮಾಡಲು ಕೂತರೆ ಗೋಡೆಯ ಹಲ್ಲಿ ಕೂಡ ನೊಣ ಬಿಟ್ಟು ಅದನ್ನೇ ನೋಡುತ್ತಿತ್ತು.

ಆ ವರ್ಷ ಡಿಪೋದಲ್ಲಿ ಬಸ್ಸು ಸಾಲದಾದವು. ಹಿರೇಹಾಳ, ಗುಡದೂರು, ಈ ಎರಡರಲ್ಲಿ ಒಂದೂರಿನ ಬೆಳಗಿನ ಬಸ್ಸು ನಿಲ್ಲಿಸಬೇಕಾಯಿತು. ಎಲ್ಲಿ ಜನ ಕಡಿಮೆಯಾಗುತ್ತಿದ್ದಾರೋ ಅಲ್ಲಿಯದನ್ನು ನಿಲ್ಲಿಸೋಣವೆಂದು ಮ್ಯಾನೇಜರ್ ಗುರುಸಿದ್ಧಮ್ಮ ಮೇಡಂ ಸಭೆ ಕರೆದರು.

ಫಕೀರೇಶ ಚಾರ್ಟಿನಲ್ಲಿ ಎರಡು ಗೆರೆ ಎಳೆದ. ನೀಲಿ ಗೆರೆ ಏರುತ್ತಿತ್ತು, ಕೆಂಪು ಗೆರೆ ಇಳಿಯುತ್ತಿತ್ತು. ಯಾವ ಬಣ್ಣ ಯಾವ ಊರಿನದು ಎಂದು ಹೇಳುವ ಸಣ್ಣ ಚೌಕ ಪಕ್ಕದಲ್ಲಿತ್ತು. ಲೆಜೆಂಡ್ ಅನ್ನುತ್ತಾರೆ ಅದಕ್ಕೆ. ಅವನ ಕಣ್ಣಿಗೆ ಅದು ಒಡ್ಡೊಡ್ಡಾಗಿ ಕಂಡಿತು. ಚೌಕವನ್ನು ಕೆಳಗಿಳಿಸಿದ. ಅಂಚು ತೆಗೆದ. ಅಕ್ಷರ ಸಣ್ಣದು ಮಾಡಿದ. ಅಷ್ಟಕ್ಕೂ ಸಮಾಧಾನವಾಗದೆ ಊರಿನ ಹೆಸರುಗಳಿಗೆ ಎಳೆ ಬೂದು ಬಣ್ಣ ಬಳಿದ.

ಸಭೆಯಲ್ಲಿ ಪ್ರೊಜೆಕ್ಟರಿನಿಂದ ಚಾರ್ಟು ಗೋಡೆಯ ಮೇಲೆ ಬಿತ್ತು. ಊರಿನ ಹೆಸರುಗಳು ಬಿಳಿ ಸುಣ್ಣದಲ್ಲಿ ಕರಗಿಹೋಗಿದ್ದವು.

“ಭಾಳ ಚೆಂದ ಐತಿ ಫಕೀರೇಶ,” ಅಂದರು ಮೇಡಂ. “ಇಳಿಯೋದು ಯಾವೂರಿಂದು?”

ಅವನಿಗೆ ನೆನಪಾಗಲಿಲ್ಲ. ಒಂದು ನಿಮಿಷ ಕೇಳಿಕೊಂಡಿದ್ದರೆ ಅಕ್ಷರ ಕಪ್ಪು ಮಾಡಿ, ಓದಿ ಹೇಳಬಹುದಿತ್ತು. ಆದರೆ ಈಗಷ್ಟೇ ಹೊಗಳಿಸಿಕೊಂಡವನು ಎಲ್ಲರ ಮುಂದೆ ತನ್ನ ಕೆಲಸವನ್ನು ತಾನೇ ತಿದ್ದುವುದೇ?

“ಗುಡದೂರಿಂದ್ರಿ ಮೇಡಂ.”

ಗುಡದೂರಿನ ಬಸ್ಸು ನಿಂತಿತು.

ಸಭೆ ಮುಗಿದ ಮೇಲೆ ಅಕ್ಷರ ಕಪ್ಪು ಮಾಡಿ ನೋಡಿದ. ಇಳಿಯುತ್ತಿದ್ದದ್ದು ಹಿರೇಹಾಳ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಬಂತು, ಹೋಯಿತು. ಮತ್ತೂ ಬಂತು, ಮತ್ತೂ ಹೋಯಿತು.

ಒಂದು ದಿನ ಚಹಾದಂಗಡಿಯಲ್ಲಿ ಡ್ರೈವರ್ ಮಾಬುಸಾಬ ಸಿಕ್ಕ. “ನಿನ್ನ ಗೆರಿಗೆ ಕಣ್ಣಿಲ್ಲೇನೋ ಮಾರಾಯ? ಗುಡದೂರ ಬಸ್ಸಿನ್ಯಾಗ ನನಗ ಗೇರ್ ಹಾಕಾಕ ಜಾಗ ಇರ್ತಿದ್ದಿಲ್ಲ. ಪಾಪ, ಆ ಕಾಲೇಜ್ ಹುಡುಗ್ಯಾರೆಲ್ಲ ಮನ್ಯಾಗ ಕುಂತಾರ.”

ಫಕೀರೇಶ ಚಹಾ ಅಲ್ಲೇ ಬಿಟ್ಟು ನೆಟ್ಟಗೆ ಮೇಡಂ ಹತ್ತಿರ ಹೋದ.

“ತಪ್ಪು ನಂದ್ರಿ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದೆ. ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ.”

ಮೇಡಂ ಒಂದು ಮಾತೂ ಬೈಯಲಿಲ್ಲ. ಮರುದಿನವೇ ಹಿರೇಹಾಳದ ಬಸ್ಸು ನಿಲ್ಲಿಸಿ ಗುಡದೂರಿನದನ್ನು ಬಿಡಿಸಿದರು.

ಅದೇ ಬಸ್ಸಿನಲ್ಲಿ ಫಕೀರೇಶನೂ ಗುಡದೂರಿಗೆ ಹೋದ. ಹುಡುಗಿಯರು ಚೀಲ ಎದೆಗವಚಿಕೊಂಡು, ನಗುತ್ತಾ, ದೂಡಾಡುತ್ತಾ ಹತ್ತಿದರು.

“ಎಲ್ಲಾರೂ ಬಂದ್ರೇನವ್ವಾ?” ಎಂದು ಕೇಳಿದ.

“ಇಲ್ರಿ ಕಾಕಾ. ರೇಣವ್ವ ಬರಂಗಿಲ್ಲ. ಕಾಲೇಜ್ ಬಿಟ್ಟು ಮನ್ಯಾಗ ಕುಂತಾಳಂತ ಅವರಪ್ಪ ಮೊನ್ನೆ ಲಗ್ನ ಮಾಡಿಬಿಟ್ಟ.”

ಮಾಬುಸಾಬ ಬಸ್ಸು ಬಿಟ್ಟ. ಫಕೀರೇಶ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ನೀತಿ: ನೋಡುವವರಿಗೆ ಅರ್ಥ ಮುಚ್ಚಿಡುವ ಅಂದ ಯಾವ ಕೆಲಸಕ್ಕೂ ಬಾರದು. ಗೊತ್ತಿಲ್ಲ ಎನ್ನುವುದಕ್ಕೂ, ತಪ್ಪಾಯಿತು ಎನ್ನುವುದಕ್ಕೂ ಒಂದೇ ನಿಮಿಷ ಸಾಕು. ಆ ನಿಮಿಷಕ್ಕೆ ನಾವು ನಾಚಿದರೆ ಅದರ ಬೆಲೆಯನ್ನು ನಮಗೆ ಗುರುತೇ ಇಲ್ಲದವರು ತೆರುತ್ತಾರೆ.

ಹಾಂ, ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿ ಹೇಳಿದೆ. ಮೇಡಂ ಬೈಯಲಿಲ್ಲ ಅಂದೆನಲ್ಲ, ಬೈದರು. ಡಿಪೋ ಗೇಟಿನ ತನಕ ಕೇಳುವಂತೆ ಬೈದರು.