ಟ್ಯಾಂಕಿನ ಚಿಲಕ

"ಗುರುಗಳೇ, ಕಂಡದ್ದನ್ನು ಕಂಡ ಹಾಗೆಯೇ ತೋರಿಸುವವನು ತಪ್ಪು ಮಾಡಲು ಸಾಧ್ಯವೇ?" ಎಂದು ಶಿಷ್ಯ ಕೇಳಿದ. ಸಾಧ್ಯವಿಲ್ಲ ಎಂಬ ಉತ್ತರವನ್ನು ಅವನು ಮೊದಲೇ ಸಿದ್ಧ ಮಾಡಿಟ್ಟುಕೊಂಡಂತಿತ್ತು.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಶಲಕರ್ಮಿ ಇದ್ದ. ಯುದ್ಧದ ಟ್ಯಾಂಕು, ಲಾರಿ, ಜೀಪುಗಳ ಪುಟ್ಟ ಮಾದರಿಗಳನ್ನು ಮಾಡುವುದು ಅವನ ಕೆಲಸ. ಒಂದೊಂದೂ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಗಾಡಿಯ ಮೈಯನ್ನು ಎಲ್ಲರಂತೆ ಪ್ಲಾಸ್ಟಿಕ್ಕಿನಲ್ಲಿಯೇ ಮಾಡುತ್ತಿದ್ದ. ಜಾಲರಿ, ಹಿಡಿಕೆ, ಕೀಲು, ಚಿಲಕಗಳಿಗೆ ಮಾತ್ರ ಹಿತ್ತಾಳೆಯೇ ಆಗಬೇಕು. ಕಾಗದದಷ್ಟು ತೆಳುವಾದ ತಗಡಿನ ಮೇಲೆ ಬೆಳಕಿನಿಂದ ಚಿತ್ರ ಮೂಡಿಸಿ, ಅದನ್ನು ಆಮ್ಲದಲ್ಲಿ ಅದ್ದುತ್ತಿದ್ದ. ಬೇಡದ ತಗಡು ಕರಗಿ ಹೋಗುತ್ತಿತ್ತು. ಉಳಿದ ತುಣುಕು ಎಳ್ಳಿಗಿಂತ ಚಿಕ್ಕದು. ಅದನ್ನು ಚಿಮಟದಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಅಂಟಿಸುತ್ತಿದ್ದ.

"ಇನ್ನು ಡೀಸೆಲ್ ಹಾಕುವುದೊಂದೇ ಬಾಕಿ ಕಣಯ್ಯ" ಎಂದು ಪಕ್ಕದ ಅಂಗಡಿಯವನು ಹಾಸ್ಯ ಮಾಡುತ್ತಿದ್ದ.

"ಹಾಕಿ ನೋಡು. ಮೊದಲು ನಿನ್ನ ಅಂಗಡಿಯ ಮೇಲೇ ಹತ್ತಿಸುತ್ತೇನೆ" ಎಂದು ಇವನು ಉತ್ತರ ಕೊಡುತ್ತಿದ್ದ. ಅಂದಾಜಿನ ಕೆಲಸ ಮಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಒಂದು ದಿನ ಒಬ್ಬ ತಾಯಿ ಅವನಲ್ಲಿಗೆ ಬಂದಳು. ಅವಳ ಮಗ ಟ್ಯಾಂಕಿನ ಚಾಲಕನಾಗಿದ್ದ. ಯುದ್ಧದಲ್ಲಿ, ಆ ಟ್ಯಾಂಕಿನೊಳಗೇ ಸತ್ತಿದ್ದ. ಎಲ್ಲ ಮುಗಿದ ಮೇಲೆ ಯಾರೋ ತೆಗೆದಿದ್ದ ಟ್ಯಾಂಕಿನ ಫೋಟೋವೊಂದನ್ನು ಮಗನ ಜೊತೆಗಾರ ಅವಳಿಗೆ ತಂದುಕೊಟ್ಟಿದ್ದ.

"ಬೂಟಿನ ಲೇಸು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಇಷ್ಟು ದೊಡ್ಡದನ್ನು ಓಡಿಸುತ್ತಿದ್ದನಂತೆ" ಎಂದು ತಾಯಿ ನಕ್ಕಳು. "ಇದನ್ನೇ ಮಾಡಿಕೊಡಿ ಅಣ್ಣ. ಮನೆಯಲ್ಲಿ ಅವನ ಪಟದ ಪಕ್ಕ ಇಟ್ಟುಕೊಳ್ಳುತ್ತೇನೆ. ಸೈನ್ಯದ ಸಾಹೇಬರು ಮನೆಗೇ ಬಂದು ಹೇಳಿದರು, ಒಂದೇ ಕ್ಷಣದಲ್ಲಿ ಆಗಿಹೋಯಿತಂತೆ. ಅವನಿಗೆ ಗೊತ್ತೇ ಆಗಲಿಲ್ಲವಂತೆ. ಅದೊಂದು ಮಾತು ಇಲ್ಲದಿದ್ದರೆ ನಾನು ಇಷ್ಟು ದಿನ ಬದುಕುತ್ತಿರಲಿಲ್ಲ."

ಕುಶಲಕರ್ಮಿ "ಆಗಲಿ ತಾಯಿ" ಎಂದ. ಅವನ ಕಣ್ಣು ಆಗಲೇ ಫೋಟೋದ ಮೇಲಿತ್ತು.

ಭೂತಗನ್ನಡಿ ಹಿಡಿದು ಅವನು ಆ ಫೋಟೋವನ್ನು ಅಂಗುಲ ಅಂಗುಲವಾಗಿ ನೋಡಿದ. ಚಾಲಕ ಹತ್ತಿ ಇಳಿಯುವ ಕಂಡಿಯ ಮುಚ್ಚಳ ಮುಚ್ಚಿತ್ತು. ಅದರ ಅಂಚಿನ ಚಿಲಕ ಮಾತ್ರ ಮೇಲಕ್ಕೆ ಬಾಗಿತ್ತು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ತನಗೆ ಕಂಡಿತೆಂದು ಅವನಿಗೆ ಬಹಳ ಸಂತೋಷವಾಯಿತು.

ಆ ಒಂದು ಚಿಲಕಕ್ಕಾಗಿ ಅವನು ಬೇರೆ ತಗಡನ್ನೇ ತಯಾರಿಸಿದ. ಮೊದಲು ಬಾಗಿಸಿದ್ದು ಮುರಿಯಿತು. ಇನ್ನೊಂದು ಚಿಮಟದಿಂದ ಚಿಮ್ಮಿ ನೆಲದಲ್ಲೆಲ್ಲೋ ಕಾಣೆಯಾಯಿತು. ಮತ್ತೊಂದು ಮಾಡಿದ. ಅದು ಫೋಟೋದಲ್ಲಿ ಇದ್ದಷ್ಟೇ ಬಾಗಿತು. ಒಳಭಾಗವನ್ನು ಮಾಡದ ಮಾದರಿಗೆ ಮುಚ್ಚಳವನ್ನು ಅಂಟಿಸಿಬಿಡುವುದು ಅವನ ಕಸುಬಿನಲ್ಲಿ ವಾಡಿಕೆ. ಹಾಗೆಯೇ ಅಂಟಿಸಿದ.

ತಾಯಿ ಬಂದಳು. ಮಾದರಿಯನ್ನು ಅಂಗೈಯ ಮೇಲಿಟ್ಟುಕೊಂಡು ಮಗುವಿನ ತಲೆ ಸವರುವ ಹಾಗೆ ಅದರ ಮೇಲೆ ಬೆರಳಾಡಿಸಿದಳು. ಬೆರಳು ಚಿಲಕಕ್ಕೆ ತಾಗಿ ನಿಂತಿತು.

"ಇದೊಂದು ಯಾಕೆ ಅಣ್ಣ ಸೊಟ್ಟಗಿದೆ?"

ಇದನ್ನು ಯಾರಾದರೂ ಕೇಳಲಿ ಎಂದು ಅವನು ಕಾದಿದ್ದ. ಫೋಟೋವನ್ನೂ ಭೂತಗನ್ನಡಿಯನ್ನೂ ಅವಳ ಮುಂದಿಟ್ಟ.

"ನೀವೇ ನೋಡಿ ತಾಯಿ, ಇದ್ದದ್ದೇ ಹಾಗೆ. ಹೊರಗಿನ ಏಟು ಬಿದ್ದಿದ್ದರೆ ಚಿಲಕ ಒಡೆದುಹೋಗುತ್ತಿತ್ತು. ಇದು ಮೇಲಕ್ಕೆ ಬಾಗಿದೆ. ಒಳಗಿನಿಂದ ಸಲಾಕೆ ಹಾಕಿ, ಬಹಳ ಹೊತ್ತು ಮೀಟಿದರೆ ಮಾತ್ರ ಹೀಗೆ ಬಾಗುವುದು."

ತಾಯಿ ಭೂತಗನ್ನಡಿಯನ್ನು ಮುಟ್ಟಲಿಲ್ಲ.

"ಬಹಳ ಹೊತ್ತೇ?" ಎಂದಳು.

ತಾನು ಆಡಿದ ಮಾತು ಏನೆಂಬುದು ಕುಶಲಕರ್ಮಿಗೆ ಆಗ ತಿಳಿಯಿತು.

"ಎಷ್ಟು ಹೊತ್ತು ಅಣ್ಣ?"

"ಕೊಡಿ ತಾಯಿ, ನೇರ ಮಾಡಿಬಿಡುತ್ತೇನೆ" ಎಂದು ಅವನು ಕೈ ಚಾಚಿದ. ತಾಯಿ ಮಾದರಿಯನ್ನು ಕೊಡಲಿಲ್ಲ. ಮುಚ್ಚಳದ ಅಂಚಿಗೆ ಉಗುರು ಕೊಟ್ಟು ಅದನ್ನು ಎಬ್ಬಿಸಲು ನೋಡಿದಳು. ಅದು ಅಲುಗಲಿಲ್ಲ.

"ಅದು ಬರುವುದಿಲ್ಲ ತಾಯಿ. ಅಂಟಿಸಿದ್ದೇನೆ. ಒಳಗೆ ಏನೂ ಇಲ್ಲ."

ತಾಯಿ ಕೇಳಿಸಿಕೊಳ್ಳಲಿಲ್ಲ. ಉಗುರು ಸೀಳಿ ರಕ್ತ ಬಂತು. ಅವಳು ಮುಚ್ಚಳವನ್ನು ಎಬ್ಬಿಸುತ್ತಲೇ ಇದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮಾತ್ರ ವಾದ ಬಿಡಲಿಲ್ಲ.

"ಹಾಗಾದರೆ ಅವನು ಸುಳ್ಳು ಚಿಲಕ ಮಾಡಬೇಕಿತ್ತೇ, ಗುರುಗಳೇ? ಕಂಡದ್ದನ್ನೇ ಅಲ್ಲವೇ ಅವನು ಮಾಡಿದ್ದು?"

ಗುರುಗಳು ಹೇಳಿದರು: "ಬಾಗಿದ ಚಿಲಕ ಅವನಿಗೆ ಕಂಡಿತು, ಅದನ್ನು ಬಾಗಿಸಿದ ಮಗ ಕಾಣಲಿಲ್ಲ."