ಓಡುವ ಗಾಣ

"ಅಜ್ಜಾರೇ, ಸೋಮವಾರ ನಾನು ಮಗಳಿಗೆ ಹೊಡೆದೆ. ಕೈ ಎತ್ತುವಾಗಲೇ ಬೇಡ ಅಂದುಕೊಂಡೆ. ಆದರೂ ಏಟು ಬಿತ್ತು. ನಾಲ್ಕು ದಿನವಾಯಿತು, ಕೂಸು ನನ್ನ ಹತ್ತಿರ ಸುಳಿಯುತ್ತಿಲ್ಲ. ಬೇಡ ಅಂದರೂ ಕೈ ಏಕೆ ನಿಲ್ಲಲಿಲ್ಲ?"

ಹೀಗೆ ಕೇಳಿದವನು ಮಠದ ಶಿಷ್ಯ ಫಕೀರಪ್ಪ. ಕೇಳಿ ಕಣ್ಣೀರು ಹಾಕಿದ. ಮಠದ ಅಜ್ಜನವರು ಸುಲಭಕ್ಕೆ ಸಮಾಧಾನ ಹೇಳುವವರಲ್ಲ.

"ಅಳಬೇಡ. ನೀನು ಅತ್ತರೆ ಕೂಸಿನ ಕೆನ್ನೆಯ ಉರಿ ಹೋಗುತ್ತದೆಯೇನು? ಇದನ್ನು ಕೇಳು," ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿ. ಬಸ್ ನಿಲ್ದಾಣದ ಎದುರು ಅವನದು ಕಬ್ಬಿನ ಹಾಲಿನ ಅಂಗಡಿ. ಗಂಡ ಗಿರಾಕಿಗಳನ್ನು ನೋಡುವನು, ಹೆಂಡತಿ ಗಾಣಕ್ಕೆ ಕಬ್ಬು ಕೊಡುವಳು. ಗಾಣ ಕರೆಂಟಿನ ಮೋಟಾರಿನದು. ಒಮ್ಮೊಮ್ಮೆ ದಪ್ಪ ಗೆಣ್ಣಿನ ಕಬ್ಬು ನಡುವೆ ಸಿಕ್ಕಿಕೊಂಡು ಗಾಣ ನಿಂತುಬಿಡುತ್ತಿತ್ತು. ಆಗ ಕರೆಂಟು ಆರಿಸಿ, ದೊಡ್ಡ ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಕಬ್ಬು ಬಿಡಿಸಬೇಕು. ಅಷ್ಟರಲ್ಲಿ ಗಿರಾಕಿಗಳು ಬಸ್ ಹತ್ತಿ ಹೋಗಿರುತ್ತಿದ್ದರು. ವ್ಯಾಪಾರಿಗೆ ತಡೆಯಲಾಗಲಿಲ್ಲ. ಮೋಟಾರು ರಿಪೇರಿಯ ಮೇಸ್ತ್ರಿಯನ್ನು ಕರೆಸಿ, ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಸ್ವಿಚ್ ಹಾಕಿಸಿದ. ಅಂದಿನಿಂದ ಕಬ್ಬು ಸಿಕ್ಕಿದರೆ ಸ್ವಿಚ್ಚಿನ ಹಿಡಿಕೆ ಆ ಕಡೆ ಹಾಕಿದರಾಯಿತು, ಗಾಣ ಹಿಂದಕ್ಕೆ ತಿರುಗಿ ಕಬ್ಬನ್ನು ಉಗುಳುತ್ತಿತ್ತು. ಅವನಿಗೋ ಹಿಗ್ಗೇ ಹಿಗ್ಗು! ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಒಂದು ಮಧ್ಯಾಹ್ನ ಹೆಂಡತಿಯ ಸೆರಗು ಕಬ್ಬಿನ ಸಂಗಡ ಒಳಗೆ ಹೋಯಿತು. ಎಳೆದುಕೊಳ್ಳಲು ಹೋದಳು, ಬೆರಳೂ ಸಿಕ್ಕಿತು. ಕಿರುಚಿದಳು. ವ್ಯಾಪಾರಿ ಹಾರಿ ಬಂದು ಹಿಡಿಕೆಯನ್ನು ಹಿಂದಕ್ಕೆ ಹಾಕಿದ. ಗಾಣ ಮುಂದಕ್ಕೇ ತಿರುಗಿತು. ಮತ್ತೆ ಈ ಕಡೆ ಹಾಕಿದ, ಮತ್ತೆ ಆ ಕಡೆ ಹಾಕಿದ. ಗಾಣ ಕೇಳಲೇ ಇಲ್ಲ. ಅಯ್ಯೋ, ಹೆಂಡತಿಯ ಕೈ ಒಳಗೆ ಹೋಗುತ್ತಿದೆ, ಇವನು ಹಿಡಿಕೆ ತಿರುವುತ್ತಲೇ ಇದ್ದಾನೆ! ಕಬ್ಬಿನ ಹಾಲು ಕುಡಿಯುತ್ತಿದ್ದ ಯಾರೋ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು. ಗಾಣ ನಿಂತ ಮೇಲೆ ಗಾಲಿ ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದರು. ಮೂರು ಬೆರಳು ಹೋಗಿದ್ದವು.

ವ್ಯಾಪಾರಿ ಆಸ್ಪತ್ರೆಯಿಂದ ನೆಟ್ಟಗೆ ಹೋಗಿ ಮೇಸ್ತ್ರಿಯ ಕೊರಳಪಟ್ಟಿ ಹಿಡಿದ.

"ತಪ್ಪು ತಂತಿ ಕೊಟ್ಟು ನನ್ನ ಮನೆ ಹಾಳು ಮಾಡಿದೆಯಲ್ಲೋ! ಹಿಂದಕ್ಕೆ ಹಾಕಿದರೆ ಅದು ಹಿಂದಕ್ಕೆ ಯಾಕೆ ಹೋಗಲಿಲ್ಲ?"

ಮೇಸ್ತ್ರಿ ಬಂದು ಬಿಚ್ಚಿ ನೋಡಿದ. ತಂತಿಗಳೆಲ್ಲ ಸರಿಯಾಗಿಯೇ ಇದ್ದವು.

"ಅಣ್ಣಾ, ಈ ಮೋಟಾರಿನ ಒಳಗೆ ತಂತಿಯ ಎರಡು ಸುತ್ತುಗಳಿವೆ. ಒಂದು ಓಡಿಸುವುದು. ಇನ್ನೊಂದು, ಹೊರಡುವಾಗ ಯಾವ ಕಡೆ ಎಂದು ಹೇಳುವುದು, ಅಷ್ಟೆ. ವೇಗ ಬಂದ ಕೂಡಲೇ ಅದು ತಾನಾಗಿ ಕಳಚಿಕೊಳ್ಳುತ್ತದೆ. ನಿಮ್ಮ ಸ್ವಿಚ್ ಅದಲುಬದಲು ಮಾಡುವುದು ಅದನ್ನೇ. ಓಡುವಾಗ ಎಷ್ಟು ತಿರುವಿದರೂ ಕೇಳುವವರು ಒಳಗೆ ಯಾರೂ ಇಲ್ಲ. ಕಬ್ಬು ಸಿಕ್ಕಾಗ ಗಾಣ ಮೊದಲೇ ನಿಂತಿರುತ್ತಿತ್ತು, ಅದಕ್ಕೇ ನಿಮ್ಮ ಮಾತು ಕೇಳುತ್ತಿತ್ತು. ಅಕ್ಕನ ಕೈ ಮೆತ್ತಗೆ. ಗಾಣ ನಿಲ್ಲಲಿಲ್ಲ."

ಅಷ್ಟು ಹೇಳಿ ಮೇಸ್ತ್ರಿ ಅಲ್ಲೇ ಕೂತ. "ಮೊದಲು ನಿಲ್ಲಿಸಿ, ಆಮೇಲೆ ತಿರುಗಿಸಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ," ಎಂದು ಅತ್ತ.

ಅಜ್ಜನವರು ಕತೆ ಮುಗಿಸಿದರು. ಫಕೀರಪ್ಪ ಕಣ್ಣೊರೆಸಿಕೊಂಡ.

"ತಿಳಿಯಿತು ಅಜ್ಜಾರೇ. ಕೈ ಎತ್ತುವಾಗ ಬೇಡ ಅಂದುಕೊಂಡೆ, ಅದು ತಡವಾಯಿತು. ಇನ್ನು ಮೇಲೆ ಕೈ ಎತ್ತುವ ಮೊದಲೇ ಅಂದುಕೊಳ್ಳುತ್ತೇನೆ."

"ಕೈಯ ಮಾತು ಹಾಗಿರಲಿ ಬಿಡೋ, ಆ ದಿನ ಮಗಳು ಕಣ್ಣಿಗೆ ಬೀಳುವ ಮೊದಲೇ, ಯಾರ ಮೇಲಿನ ಸಿಟ್ಟಿನಲ್ಲಿ, ಎಷ್ಟು ಹೊತ್ತಿನಿಂದ ನೀನು ಓಡುತ್ತಿದ್ದೆ?"