ಸಾಲಿನ ಹೊರಗೆ ಕೂತವಳು

ಶಿಷ್ಯ ಕೇಳಿದ: "ಗುರುಗಳೇ, ಸುತ್ತಲಿನ ಹತ್ತೂರಿನ ಮಕ್ಕಳಲ್ಲಿ ಚುರುಕಾದವರನ್ನು ಆರಿಸಿ ಒಂದು ಖೋ ಖೋ ತಂಡ ಕಟ್ಟಿದ್ದೇನೆ. ಶನಿವಾರ ಬಂತೆಂದರೆ ಅವರನ್ನು ಕರೆದುಕೊಂಡು ಊರೂರು ಆಡಿಸಿಕೊಂಡು ಬರುತ್ತೇನೆ. ಇದರಿಂದ ಮಕ್ಕಳು ಬೆಳೆಯುತ್ತಾರೆ ಎಂದು ಕೆಲವರು ಹೇಳುತ್ತಾರೆ. ಮಕ್ಕಳೂ ಕೆಡುತ್ತಾರೆ, ಊರಿನ ಆಟವೂ ಕೆಡುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಮಾಡುತ್ತಿರುವುದು ಒಳ್ಳೆಯದೋ, ಕೆಟ್ಟದ್ದೋ?"

ಗುರು ಮೊದಲು ತಂಡದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಕೇಳಿದರು. ಹನ್ನೆರಡು ಎಂದ ಶಿಷ್ಯ. ಆಡುವವರು ಎಷ್ಟು ಎಂದು ಕೇಳಿದರು. ಒಂಬತ್ತು ಎಂದ. ಗುರು ಅವನಿಗೆ ಕೂತುಕೊಳ್ಳಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಅವನಿಗೆ ಒಬ್ಬಳೇ ಮಗಳು. ಸಂಜೆಯಾದರೆ ಊರಾಚೆಯ ಕಣದಲ್ಲಿ ಹದಿನಾಲ್ಕು ಹುಡುಗಿಯರು ಸೇರಿ ಖೋ ಖೋ ಆಡುತ್ತಿದ್ದರು. ಆಟಕ್ಕೆ ಒಂಬತ್ತು ಒಂಬತ್ತು ಮಂದಿ ಬೇಕು. ಅವರು ಏಳು ಏಳಾಗಿ ಆಡುತ್ತಿದ್ದರು. ನೇಯುವವನ ಮಗಳು ಓಡಲು ನಿಂತರೆ ಅವಳನ್ನು ಮುಟ್ಟುವವರಿರಲಿಲ್ಲ. ಮನೆಮನೆಯ ಮುಂದೆ ನಿಂತು ಉಳಿದವರನ್ನು ಕೂಗಿ ಕರೆಯುವವಳೂ ಅವಳೇ. ಒಬ್ಬಳ ಕೈಯಲ್ಲಿ ಮುಸುರೆ ಪಾತ್ರೆ ಇದ್ದರೆ ಇವಳೂ ಕೂತು ತಿಕ್ಕುತ್ತಿದ್ದಳು. ಕೆಲಸ ಬೇಗ ಮುಗಿದರೆ ಆಟ ಬೇಗ ಶುರುವಾಗುತ್ತದೆ ಎನ್ನುವುದು ಅವಳ ಲೆಕ್ಕ.

ಆ ಸೀಮೆಯಲ್ಲಿ ಒಬ್ಬ ಶಿಕ್ಷಕನಿದ್ದ. ಆಟ ಬಲ್ಲವನು, ಕೆಟ್ಟವನಲ್ಲ. ಆದರೆ ಗೆಲುವಿನ ಹೊರತು ಅವನಿಗೆ ಬೇರೆ ಹಸಿವಿರಲಿಲ್ಲ. ಒಂದು ಹಳೆಯ ಟೆಂಪೊ ಇಟ್ಟುಕೊಂಡು ಹಳ್ಳಿಹಳ್ಳಿ ತಿರುಗಿ ಚೆನ್ನಾಗಿ ಓಡುವ ಹುಡುಗಿಯರನ್ನು ಒಟ್ಟುಮಾಡುತ್ತಿದ್ದ. ಒಂದು ಸಂಜೆ ಈ ಕಣದ ಬಳಿ ಚಾಲಕನಿಗೆ ಟೆಂಪೊ ನಿಲ್ಲಿಸಲು ಹೇಳಿ ನೋಡಿದ. ಮರುದಿನ ಬೆಳಿಗ್ಗೆ ನೇಯುವವನ ಮನೆಯ ಕಟ್ಟೆಯ ಮೇಲೆ ಕೂತು, ನಿಮ್ಮ ಮಗಳನ್ನು ನನ್ನ ತಂಡಕ್ಕೆ ಕೊಡಿ ಎಂದ. ಈ ಕಣದಲ್ಲಿ ಅವಳಿಗೆ ಇನ್ನು ಕಲಿಯುವುದೇನೂ ಉಳಿದಿಲ್ಲ, ಅವಳಿಗಿಂತ ಗಟ್ಟಿಯಾದವರ ಜೊತೆ ಆಡಿದರೆ ಮಾತ್ರ ಮುಂದೆ ಬರುತ್ತಾಳೆ ಎಂದು ಹೇಳಿದ. ಅದು ಸುಳ್ಳಾಗಿರಲಿಲ್ಲ.

ನೇಯುವವನು ಹೆಂಡತಿಯನ್ನು ಕೇಳಿದ. ಕುರಿಯನ್ನೇ ನಾವು ಒಂದೇ ಬಯಲಿನಲ್ಲಿ ಮೇಯಿಸುವುದಿಲ್ಲ, ಮಗಳನ್ನು ಯಾಕೆ ಕಟ್ಟಿಹಾಕಬೇಕು ಎಂದಳು ಅವಳು. ಹುಡುಗಿಯನ್ನು ಕೇಳಿದರು. ಅವಳು ಆಗಲೇ ಬಟ್ಟೆ ಮಡಿಸುತ್ತಿದ್ದಳು. ಅವಳಿಗೆ ಆಗ ಹನ್ನೆರಡು ತುಂಬಿತ್ತು.

ಶಿಕ್ಷಕನ ತಂಡದಲ್ಲಿ ಹನ್ನೆರಡು ಮಂದಿ. ಒಬ್ಬೊಬ್ಬಳೂ ತನ್ನ ಊರಿನಲ್ಲಿ ಯಾರ ಕೈಗೂ ಸಿಗದವಳು. ಹೆಸರು ಬರೆದುಕೊಳ್ಳುವ ಕೆಲಸ ಟೆಂಪೊ ಓಡಿಸುವವನದು. ಶಿಕ್ಷಕ ಹುಡುಗಿಯರನ್ನು ಅಂಗಿಯ ಮೇಲಿನ ಅಂಕಿಯಿಂದ ಕರೆಯುತ್ತಿದ್ದ. ನೇಯುವವನ ಮಗಳಿಗೆ ಸಿಕ್ಕಿದ್ದು ಹನ್ನೆರಡನೆಯ ಅಂಗಿ. ಮೊದಲ ಶನಿವಾರ ಒಂಬತ್ತು ಮಂದಿ ಮೈದಾನಕ್ಕೆ ಇಳಿದರು. ಇವಳು ಇನ್ನಿಬ್ಬರ ಜೊತೆ ಸುಣ್ಣದ ಗೆರೆಯಾಚೆ ಕೂತಳು. ಎರಡನೆಯ ಶನಿವಾರವೂ ಕೂತಳು. ತನ್ನ ಊರಿನಲ್ಲಿ ಅವಳು ಒಂದು ದಿನವೂ ಆಡದೆ ಕೂತವಳಲ್ಲ. ಕೂರುವುದು ಹೇಗೆಂದು ಕಲಿಯಲು ಅವಳಿಗೆ ಒಂದು ತಿಂಗಳಾಯಿತು.

ಅವಳಿಗೆ ಸಿಕ್ಕಿದ್ದನ್ನೂ ಹೇಳಬೇಕು. ಅವಳು ಸಮುದ್ರ ನೋಡಿದಳು. ಮರಳಿನ ಮೈದಾನದಲ್ಲಿ ಆಡುವವರನ್ನು, ಕೆಂಪು ಕಲ್ಲುನೆಲದ ಮೇಲೆ ಬರಿಗಾಲಲ್ಲಿ ಆಡುವವರನ್ನು ನೋಡಿದಳು. ಬೇರೆ ಭಾಷೆ ಮಾತಾಡುವ ಊರಿನಲ್ಲಿ ಕೈಸನ್ನೆಯಿಂದ ನೀರು ಕೇಳುವುದನ್ನು ಕಲಿತಳು. ಜೋಳದ ರೊಟ್ಟಿ ಬಿಟ್ಟರೆ ಬೇರೆ ಉಣ್ಣದವಳು ಎಲ್ಲವನ್ನೂ ಉಣ್ಣಲು ಕಲಿತಳು. ಬೆಳಗಿನ ಅಭ್ಯಾಸದಲ್ಲಿ ತನಗಿಂತ ಗಟ್ಟಿಯಾದ ಹನ್ನೊಂದು ಮಂದಿಯನ್ನು ಬೆನ್ನಟ್ಟಿ ಅವಳ ಕಾಲಿಗೆ ಹೊಸ ವೇಗ ಬಂತು. ಶಿಕ್ಷಕ ಹೇಳಿದಂತೆಯೇ ಆಯಿತು.

ಅವಳು ಬಿಟ್ಟುಬಂದ ಕಣದಲ್ಲಿ ಇನ್ನೊಂದು ಆಯಿತು. ಕೂಗಿ ಕರೆಯುವವಳು ಇಲ್ಲದ ಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಶಿಕ್ಷಕ ಆರಿಸಿದ್ದು ಅವಳೊಬ್ಬಳನ್ನೇ. ಹಾಗಾದರೆ ನಾವು ಆರಿಸಲು ತಕ್ಕವರಲ್ಲ ಎಂದು ಉಳಿದವರು ತಿಳಿದರು. ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕಣದಲ್ಲಿ ಹುಲ್ಲು ಬೆಳೆದಿತ್ತು.

ತಂಡದಲ್ಲೂ ಒಂದು ಆಯಿತು. ಒಂದನೆಯ ಅಂಗಿಯ ಹುಡುಗಿ ಎಲ್ಲರಿಗಿಂತ ಚುರುಕು. ಅವಳಿಲ್ಲದೆ ಶಿಕ್ಷಕ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಪ್ರತಿ ವಾರ ಆಡಿ ಅವಳ ಮೊಣಕಾಲು ಊದಿಕೊಂಡಿತು. ಶಿಕ್ಷಕ ಬಿಸಿ ಅರಿಸಿನ ಹಚ್ಚಿಸಿ, ಬಟ್ಟೆ ಬಿಗಿದು, ಮತ್ತೆ ಇಳಿಸಿದ. ಅವಳು ನೋವೆಂದು ಹೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರಿಗೂ ಗೆಲ್ಲಬೇಕಾಗಿತ್ತು.

ಹನ್ನೊಂದನೆಯ ತಿಂಗಳಿನಲ್ಲಿ ದೊಡ್ಡ ಪಂದ್ಯಾವಳಿ ಬಂತು. ಶಿಕ್ಷಕನ ತಂಡ ಕೊನೆಯ ಪಂದ್ಯದವರೆಗೂ ಗೆದ್ದಿತು. ಎದುರಾಳಿಗಳು ಗುಡ್ಡದ ತಪ್ಪಲಿನ ಒಂದೇ ಹಳ್ಳಿಯವರು. ಅವರ ಹಿಂದೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬಂದಿತ್ತು. ಅವರಲ್ಲಿ ಗುತ್ತೆವ್ವ ಎಂಬ ಹುಡುಗಿಯಿದ್ದಳು. ಅವಳ ಹೆಸರು ಮೈದಾನದಲ್ಲಿದ್ದವರಿಗೆಲ್ಲ ಗೊತ್ತಾಯಿತು, ಅವಳ ಊರಿನವರು ಅಷ್ಟು ಸಲ ಕೂಗಿದರು.

ಆಟದ ನಿಯಮ ನಿನಗೆ ಗೊತ್ತು. ಎಂಟು ಮಂದಿ ಸಾಲಾಗಿ ಕೂರುತ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ. ಬೆನ್ನಟ್ಟುವವಳು ಸಾಲನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬಿಡುವಂತಿಲ್ಲ. ದಿಕ್ಕು ತಿರುಗಬೇಕಾದರೆ ಸಾಲಿನ ಕೊನೆಯ ಕಂಬದವರೆಗೆ ಹೋಗಬೇಕು, ಇಲ್ಲವೆ ಕೂತವಳಿಗೆ ಖೋ ಕೊಟ್ಟು ಎಬ್ಬಿಸಬೇಕು. ಓಡುವವಳಿಗೆ ಎಲ್ಲ ದಿಕ್ಕೂ ತನ್ನದೇ.

ಕೊನೆಯ ಸರದಿಯಲ್ಲಿ ಶಿಕ್ಷಕನ ತಂಡ ಬೆನ್ನಟ್ಟುತ್ತಿತ್ತು. ಆಟದ ನಡುವೆ ಒಂದನೆಯ ಹುಡುಗಿಯ ಮೊಣಕಾಲು ಕೈಕೊಟ್ಟಿತು. ಅವಳು ಬಿದ್ದಲ್ಲಿಂದ ಏಳಲಿಲ್ಲ. ಗೆರೆಯಾಚೆ ಕೂತಿದ್ದ ಇಬ್ಬರನ್ನು ಅದಾಗಲೇ ಇಳಿಸಿಯಾಗಿತ್ತು. ಶಿಕ್ಷಕ ಹನ್ನೆರಡು ಎಂದು ಕೂಗಿದ. ಹನ್ನೊಂದು ತಿಂಗಳಲ್ಲಿ ಮೊದಲ ಬಾರಿಗೆ ನೇಯುವವನ ಮಗಳು ಗೆರೆ ದಾಟಿ ಒಳಗೆ ಹೋದಳು.

ಎದುರಾಳಿಗಳಲ್ಲಿ ಉಳಿದವಳು ಗುತ್ತೆವ್ವ ಒಬ್ಬಳೇ. ಅವಳನ್ನು ಮುಟ್ಟಿದರೆ ಗೆಲುವು. ಐದು ನಿಮಿಷದಿಂದ ಅವಳನ್ನು ಯಾರೂ ಮುಟ್ಟಿರಲಿಲ್ಲ. ಒಬ್ಬಳು ಅವಳನ್ನು ಕಂಬದವರೆಗೂ ಅಟ್ಟಿದಳು. ಗುತ್ತೆವ್ವನ ಮೈ ಎಡಕ್ಕೆ ವಾಲಿತು, ಬೆನ್ನಟ್ಟಿದವಳ ಕೈ ಎಡಕ್ಕೆ ಚಾಚಿತು. ಅಲ್ಲಿ ಗುತ್ತೆವ್ವ ಇರಲಿಲ್ಲ. ಮಗ್ಗದ ಹಾಸಿನ ಎಳೆಗಳ ನಡುವೆ ಲಾಳಿ ನುಸುಳುವ ಹಾಗೆ ಅವಳು ಚಾಚಿದ ಕೈಯ ಕೆಳಗಿಂದ ನುಸುಳಿ ಕಂಬದ ಆಚೆಗಿದ್ದಳು. ನೋಡುವವರು ಕೂಗುವುದನ್ನು ನಿಲ್ಲಿಸಿದರು. ಅವಳ ಊರಿನವರೂ ನಿಲ್ಲಿಸಿದರು.

ಆಗ ನೇಯುವವನ ಮಗಳ ಬೆನ್ನಿಗೆ ಖೋ ಬಿತ್ತು. ಅವಳು ಎದ್ದಳು. ಗುತ್ತೆವ್ವ ಮೂರು ಹೆಜ್ಜೆ ಮುಂದಿದ್ದಳು. ಎರಡಾಯಿತು, ಒಂದಾಯಿತು. ಕಂಬ ಬಂತು. ಗುತ್ತೆವ್ವನ ಮೈ ಮತ್ತೆ ವಾಲಿತು. ಆದರೆ ಇವಳು ಮೈಯನ್ನು ನೋಡಲಿಲ್ಲ, ಹನ್ನೊಂದು ತಿಂಗಳು ಕೂತಲ್ಲಿಂದ ನೋಡಿ ನೋಡಿ ಅವಳ ಕಣ್ಣು ಪಾದಕ್ಕೆ ಒಗ್ಗಿತ್ತು. ಪಾದ ಎತ್ತ ತಿರುಗುತ್ತದೆ ಎಂದು ಕಂಡಿತು. ಕೈ ಎತ್ತ ಚಾಚಬೇಕು ಎಂದೂ ಗೊತ್ತಾಯಿತು. ಕೈ ಎತ್ತಿದಳು. ಅಷ್ಟರಲ್ಲಿ ಆ ಪಾದ ನೆಲದ ಮೇಲೆ ಒಂದು ಬೆರಳಿನ ಆಧಾರದಲ್ಲಿ ತಿರುಗಿತು. ಮನುಷ್ಯರ ಪಾದ ಹಾಗೆ ತಿರುಗಬಲ್ಲದು ಎಂದು ಅವಳು ತಿಳಿದಿರಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ಸಮಯ ಮುಗಿದ ಸೀಟಿ ಕೇಳಿತು.

ಶಿಕ್ಷಕ ಅವಳ ಬಳಿಗೆ ಬಂದ. ಅವಳಿನ್ನೂ ಕಂಬದ ಹತ್ತಿರವೇ ನಿಂತಿದ್ದಳು.

"ಕೈಗೆ ಸಿಕ್ಕಿದ್ದಳು. ಯಾಕೆ ಮುಟ್ಟಲಿಲ್ಲ?"

"ನೋಡುತ್ತಿದ್ದೆ, ಮೇಷ್ಟ್ರೇ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿನಗೆ ಆಟ ಒಲಿಯುವುದಿಲ್ಲ ಎಂದು ಮೆಲ್ಲಗೆ ಹೇಳಿ, ಅಂಗಿ ತೆಗೆಸಿಕೊಂಡು, ಮರುದಿನ ಅವಳ ಊರಿನ ಕಡೆಯ ಬಸ್ಸು ಹತ್ತಿಸಿದ. ಒಂದನೆಯ ಹುಡುಗಿಯನ್ನು ಅವಳ ಅಪ್ಪ ಬಂದು ಎತ್ತಿಕೊಂಡು ಹೋದ. ಅವಳು ಮತ್ತೆ ಆಡಲಿಲ್ಲ.

ಮಗಳು ಬಂದದ್ದು ನೋಡಿ ನೇಯುವವನಿಗೆ ಹೆದರಿಕೆಯಾಯಿತು. ಅವಳು ಎರಡು ದಿನ ಉಂಡು ಮಲಗಿದಳೇ ಹೊರತು ಹೊಸ್ತಿಲು ದಾಟಲಿಲ್ಲ. ಅವಳ ಮನಸ್ಸು ಮುರಿಯಿತು, ಕಳಿಸಿದ ತಪ್ಪು ನನ್ನದು ಎಂದು ಅವನು ಹೆಂಡತಿಯ ಹತ್ತಿರ ಹೇಳಿಕೊಂಡ. ಮೂರನೆಯ ಸಂಜೆ ಅವಳು ಕುಡುಗೋಲು ತೆಗೆದುಕೊಂಡು ಹೊರಟಳು. ಅವನು ಗಾಬರಿಯಿಂದ ಹಿಂದೆಯೇ ಹೋದ. ಅವಳು ಕಣದ ಹುಲ್ಲು ಕೊಯ್ಯುತ್ತಿದ್ದಳು.

ಹುಲ್ಲು ಕೊಯ್ದು ಒಂದು ಗೂಟ ನೆಟ್ಟಳು. ಮನೆಮನೆಯ ಮುಂದೆ ನಿಂತು ಕೂಗಿದಳು. ಮೊದಲ ದಿನ ನಾಲ್ವರು ಬಂದರು. ತಾನು ಕಂಡದ್ದನ್ನು ಅವರಿಗೆ ಹೇಳಿದಳು. ಮಾಡಿ ತೋರಿಸಲು ಹೋಗಿ ಬಿದ್ದಳು. ಎದ್ದು ಮತ್ತೆ ಬಿದ್ದಳು. ಹೀಗಲ್ಲ, ಆದರೆ ಇದರ ಹತ್ತಿರ ಎಂದಳು. ಹುಡುಗಿಯರು ನಗಲಿಲ್ಲ. ಅವಳ ಮುಖ ನೋಡಿದರೆ, ಅವಳು ಕಂಡು ಬಂದದ್ದು ದೊಡ್ಡದೇ ಎಂದು ಅವರಿಗೆ ಅನ್ನಿಸಿತು. ನೇಯುವವನು ಉಣ್ಣೆ ಹಿಂಜುವ ಕೆಲಸವನ್ನು ಕಣದ ಅಂಚಿಗೆ ತಂದುಕೊಂಡ.

ಅವಳಿಗೆ ಆ ತಿರುಗು ಕೊನೆಗೂ ಬರಲಿಲ್ಲ. ಎರಡು ವರ್ಷದ ಮೇಲೆ ಒಂದು ಸಂಜೆ ಅದು ಬಂದದ್ದು ಕುಂಬಾರರ ಮನೆಯ ಹುಡುಗಿಗೆ. ಆಡುತ್ತ ಆಡುತ್ತ, ಯಾವ ಯೋಚನೆಯೂ ಇಲ್ಲದೆ, ಗೂಟದ ಬಳಿ ಅವಳ ಪಾದ ತಿರುಗಿತು. ಬೆನ್ನಟ್ಟಿದವಳು ಬರಿಗೈಯಲ್ಲಿ ನಿಂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಲಿನಲ್ಲಿ ಕೂತವರು ಮೆಲ್ಲಗೆ ಎದ್ದು ನಿಂತರು. ಕುಂಬಾರರ ಹುಡುಗಿ ತನ್ನ ಪಾದವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ನೇಯುವವನ ಮಗಳು ಅವಳ ಮುಂದೆ ಮಣ್ಣಿನಲ್ಲಿ ಕೂತು, ಇದೇ ಇದೇ ಎಂದಳು. ನೇಯುವವನಿಗೆ ಖೋ ಖೋ ಏನೂ ತಿಳಿಯದು. ಆದರೂ ಅವನು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

ವರ್ಷಗಳು ಕಳೆದವು. ಶಿಕ್ಷಕನಿಗೆ ವಯಸ್ಸಾಯಿತು. ಗೆದ್ದ ಬಟ್ಟಲುಗಳನ್ನು ಇಡಲು ಅವನ ಮನೆಯಲ್ಲಿ ಜಾಗವಿರಲಿಲ್ಲ. ಒಮ್ಮೆ ಎಲ್ಲಿಯೋ ಒಂದು ಪಂದ್ಯ ನೋಡುತ್ತಿದ್ದಾಗ ಕಂಬದ ಬಳಿ ಒಬ್ಬ ಹುಡುಗಿಯ ಪಾದ ತಿರುಗಿದ್ದನ್ನು ಕಂಡ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳದೂ ತಿರುಗಿತು. ಅಂಥದ್ದನ್ನು ಅವನು ಬದುಕಿನಲ್ಲಿ ಒಂದೇ ಸಲ ನೋಡಿದ್ದ, ಅಂದು ಅವನಿಗೆ ಕಂಡಿದ್ದು ಸೋಲು ಮಾತ್ರ. ಯಾವ ಊರಿನವರು ಎಂದು ವಿಚಾರಿಸಿ ಅಲ್ಲಿಗೆ ಹೋದ.

ಸಂಜೆಯಾಗಿತ್ತು. ಕಣದಲ್ಲಿ ಖೋ ಖೋ ನಡೆಯುತ್ತಿತ್ತು. ಸಾಲಿನಲ್ಲಿ ಎಂಟು ಮಂದಿಯಲ್ಲ, ಇಪ್ಪತ್ತೆರಡು ಮಂದಿ ಕೂತಿದ್ದರು. ದೊಡ್ಡವರು, ಚಿಕ್ಕವರು, ಕೋಲೂರಿಕೊಂಡು ಬಂದ ಒಬ್ಬ ಕುಂಟು ಹುಡುಗಿ. ಗೆರೆಯಾಚೆ ಯಾರೂ ಇರಲಿಲ್ಲ. ಓಡುವವಳು ಅವರ ನಡುವೆ ಸುಳಿದು ಹೋಗುವಾಗ ಇಡೀ ಸಾಲಿನ ಮೇಲೆ ಗಾಳಿ ಆಡಿದಂತೆ ಇತ್ತು. ಅವನು ನಿಂತೇ ಇದ್ದ. ಎಷ್ಟು ಹೊತ್ತು ನಿಂತಿದ್ದನೋ ಅವನಿಗೆ ತಿಳಿಯಲಿಲ್ಲ. ಅಂಚಿನಲ್ಲಿ ಉಣ್ಣೆ ಹಿಂಜುತ್ತಿದ್ದ ಮುದುಕ ಅವನನ್ನು ಕರೆದು ಕೂರಿಸಿ, ಇದೆಲ್ಲ ಹೇಗಾಯಿತೆಂದು ಮೊದಲಿಂದ ಹೇಳಿದ.

ಅವನ ಮಗಳು ನೀರು ತಂದುಕೊಟ್ಟಳು. ಅವಳಿಗೆ ಮೂವತ್ತರ ಹತ್ತಿರ. ಶಿಕ್ಷಕನನ್ನು ಅವಳು ನೋಡಿದ ಕೂಡಲೇ ಗುರುತಿಸಿದಳು. ಈಗಲೂ ಯಾರಾದರೂ ಬಂದು ಚುರುಕಾದವಳನ್ನು ಕೇಳಿದರೆ ಕಳಿಸುತ್ತೀಯಾ ಎಂದು ಅವನು ಕೇಳಿದ. ಕಳಿಸುತ್ತೇನೆ, ಹೋದವಳು ಕಂಡದ್ದನ್ನು ಬಂದು ಹೇಳಬೇಕು, ಅಷ್ಟೇ ಎಂದಳು. ಇಷ್ಟುದ್ದ ಸಾಲು ನಿಯಮದಲ್ಲಿ ಇಲ್ಲವಲ್ಲ ಎಂದ. ನಮ್ಮೂರಲ್ಲಿ ಮಕ್ಕಳು ಜಾಸ್ತಿ ಎಂದಳು. ಅವನು ಮತ್ತೇನೋ ಹೇಳಲು ಹೋದ. ಮೊಣಕಾಲಿನ ಹುಡುಗಿಯ ಮಾತು, ಬಸ್ಸು ಹತ್ತಿಸಿದ ದಿನದ ಮಾತು.

ಅಷ್ಟರಲ್ಲಿ ಅವಳೇ ಹೇಳಿದಳು: "ನೀವು ಕರೆದುಕೊಂಡು ಹೋಗದಿದ್ದರೆ ನಾನು ಗುತ್ತೆವ್ವನನ್ನು ನೋಡುತ್ತಲೇ ಇರಲಿಲ್ಲ, ಮೇಷ್ಟ್ರೇ."

ಹಾಗೆ ಹೇಳಿ ಅವನ ಕಾಲು ಮುಟ್ಟಿ ನಮಸ್ಕರಿಸಿದಳು. ಸಾಲು ಅವಳಿಗಾಗಿ ಕಾಯುತ್ತಿತ್ತು. ಅವಳು ಹೋಗಿ ಕೂತಳು.

ಗುರು ಇಲ್ಲಿಗೆ ನಿಲ್ಲಿಸಿದರು.

ಒಳ್ಳೆಯದೋ ಕೆಟ್ಟದ್ದೋ ಎಂದು ಮತ್ತೆ ಕೇಳಲು ಶಿಷ್ಯನಿಗೆ ಮನಸ್ಸಾಗಲಿಲ್ಲ. ಬದಲಿಗೆ ಹೇಳಿದ: "ಗುತ್ತೆವ್ವನ ಹೆಸರು ಹೇಳಿದಿರಿ. ನೇಯುವವನ ಮಗಳ ಹೆಸರು ಹೇಳಲಿಲ್ಲ. ಅವಳ ಹೆಸರೇನು, ಗುರುಗಳೇ?"

ಗುರು ಹೇಳಿದರು: "ಅದನ್ನು ಅವಳ ಅಪ್ಪನ ಪಕ್ಕದಲ್ಲಿ ಕೂತು ಕೇಳಿ ತಿಳಿದುಕೊಳ್ಳಲು ನನಗೆ ಹದಿನೇಳು ವರ್ಷ ಬೇಕಾಯಿತು."